ಮೂರು ದಿನದ ತಿರುಕುಲ, ಒಂದು ಶಿಲ್ಲಿಂಗಿನ ರಾಜ

ನಮ್ಮ ತಾತ ಸಾಯುವವರೆಗೂ ಒಂದು ಮಾತನ್ನು ಬಿಡಲಿಲ್ಲ. "ನಾವು ಬರೀ ಒಲೇರಲ್ಲ ಕಣ್ಲಾ, ತಿರುಕುಲದೋರು. ಮೇಲುಕೋಟೆ ಸ್ವಾಮೀನ ಡಿಲ್ಲಿಯಿಂದ ಕಾಪಾಡ್ಕಂಡು ತಂದೋರು ನಾವು." ಇದನ್ನು ಹೇಳುವಾಗ ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಬೇರೆಯವರ ಗದ್ದೆಯಲ್ಲಿ ಜೀವಮಾನವಿಡೀ ಬಗ್ಗಿದ್ದ ಬೆನ್ನು ಅದು. ಹೈಸ್ಕೂಲಿನಲ್ಲಿದ್ದಾಗ ನಾನೊಮ್ಮೆ ಕೇಳಿದೆ: "ತಂದೋರು ಮತ್ತೆ ಆಚೆ ಯಾಕ್ ನಿಂತ್ಕಂಡ್ರಿ ತಾತ?" ತಾತ ಬೀಡಿ ಹಚ್ಚಿಕೊಂಡ. ಎರಡು ಸಲ ಎಳೆದ ಮೇಲೆ, "ವರ್ಸಕ್ಕೆ ಮೂರ್ ದಿನ ಒಳೀಕ್ ಬುಡೋರು" ಅಂದ. ಆ ಮೂರು ದಿನದಲ್ಲಿ ಒಂದು ದಿನವಾದರೂ ತಾತ ಮೇಲುಕೋಟೆಗೆ ಹೋಗಿದ್ದನೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ಈ ಮಾತು ಮತ್ತೆ ನೆನಪಾದದ್ದು ನನ್ನ ತರಗತಿಯಲ್ಲಿ. ನಮ್ಮ ಕೇರಿಯ ಕಡೆಯ ಹುಡುಗನೊಬ್ಬ ಬಾಬ್ ಮಾರ್ಲೆಯ ಮುಖ ಅಚ್ಚಾಗಿದ್ದ ಟೀ ಶರ್ಟು ಹಾಕಿಕೊಂಡು ಬಂದಿದ್ದ. ಯಾರಪ್ಪ ಇವರು ಅಂತ ಕೇಳಿದೆ. "ಗಾಂಜಾ ಸಾರ್" ಅಂತ ಹಿಂದಿನ ಬೆಂಚಿನಿಂದ ಉತ್ತರ ಬಂತು. ಎಲ್ಲರೂ ನಕ್ಕರು, ಶರ್ಟಿನ ಹುಡುಗನೂ ನಕ್ಕ. ಆ ಜಡೆ, ಆ ಹಸಿರು ಹಳದಿ ಕೆಂಪು ಬಣ್ಣ, ಆ ಸೊಪ್ಪು, ಇವುಗಳ ಹಿಂದೆ ಕಬ್ಬಿನ ಗದ್ದೆಯ ಕೂಲಿಗಳಿದ್ದಾರೆ, ಜೈಲಿದೆ, ಹುಚ್ಚಾಸ್ಪತ್ರೆಯಿದೆ ಎಂದು ಅಂದು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ನನಗೇ ಪೂರ್ತಿ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದುತ್ತಾ ಹೋದಂತೆ ತಾತನ ತಿರುಕುಲವೂ ಜಮೈಕದ ರಾಸ್ತಫಾರಿಯೂ ನನ್ನ ಮುಂದೆ ಒಟ್ಟಿಗೆ ಬಂದು ಕುಳಿತವು. ಎರಡೂ ತಳದಲ್ಲಿದ್ದವರ ಮೂಲದ ಕಥೆಗಳು. ಎರಡರಲ್ಲೂ ಒಬ್ಬ ಸ್ವಾಮಿ ಇದ್ದಾನೆ, ಒಂದು ಬಿರುದು ಇದೆ. ಆದರೂ ಒಂದು ಕಥೆ ಹೇಳಿದವನನ್ನು ಜೈಲಿಗೆ ಹಾಕಿದರು, ಇನ್ನೊಂದು ಕಥೆಯನ್ನು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಯಾಕೆ ಹೀಗೆ ಎನ್ನುವುದೇ ನನ್ನ ಪ್ರಶ್ನೆ.

ಮೊದಲು ಜಮೈಕ. ಮಂಡ್ಯ ಸೀಮೆಯವರಿಗೆ ಕಬ್ಬಿನ ನಾಡು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಕಬ್ಬು ಕಡಿದವರು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು. 1655ರಲ್ಲಿ ಬ್ರಿಟಿಷರು ಆ ದ್ವೀಪವನ್ನು ಸ್ಪೇನಿನವರಿಂದ ಕಿತ್ತುಕೊಂಡರು. 1834ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು, ನಿಜವಾದ ಬಿಡುಗಡೆ 1838ಕ್ಕೆ. ಬಿಡುಗಡೆಯಾದವರು ತೋಟ ಬಿಟ್ಟು ಗುಡ್ಡ ಹತ್ತಿದರು. ಆಗ ತೋಟದ ಧಣಿಗಳು 1845ರಿಂದ ಇಂಡಿಯಾದ ಕಡೆ ಕಣ್ಣು ಹಾಯಿಸಿದರು. 1917ರವರೆಗೆ ಕರಾರು ಕೂಲಿಗಳಾಗಿ ಇಲ್ಲಿಂದ ಅಲ್ಲಿಗೆ ಹೋದವರು ಮೂವತ್ತಾರು ಸಾವಿರಕ್ಕೂ ಹೆಚ್ಚು ಜನ. ಆ ಗಿಡವನ್ನೂ ಅದರ ಹೆಸರನ್ನೂ ಕೊಂಡೊಯ್ದವರು ಈ ಕೂಲಿಗಳೇ. ಜಮೈಕದಲ್ಲಿ ಇವತ್ತಿಗೂ ಅದು ಗಾಂಜಾ. ನನ್ನ ಹಿಂದಿನ ಬೆಂಚಿನ ಹುಡುಗ ತನಗೆ ಗೊತ್ತಿಲ್ಲದೆಯೇ ಅರ್ಧ ಚರಿತ್ರೆ ಹೇಳಿದ್ದ.

ಬಿಡುಗಡೆಯಾದರೂ ಭೂಮಿ ಸಿಗಲಿಲ್ಲ, ಓಟೂ ಸಿಗಲಿಲ್ಲ. 1865ರಲ್ಲಿ ಪಾಲ್ ಬೋಗಲ್ ಎಂಬ ಚರ್ಚಿನ ಸೇವಕ ಜನ ಕಟ್ಟಿಕೊಂಡು ಮೊರಾಂಟ್ ಬೇ ಎಂಬ ಊರಿನ ಕೋರ್ಟಿನ ಮುಂದೆ ಬಂದು ನಿಂತ. ಗವರ್ನರ್ ಐರ್ ಸೈನಿಕ ಕಾನೂನು ಹೇರಿ ನಾನೂರಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ, ಬೋಗಲ್‌ನನ್ನು ನೇಣಿಗೆ ಹಾಕಿಸಿದ. ಈ ಊರಿನ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

ಈ ಜನಕ್ಕೆ ಧಣಿಗಳು ಧಾರಾಳವಾಗಿ ಕೊಟ್ಟ ಪುಸ್ತಕ ಒಂದೇ, ಬೈಬಲ್. ವಿಧೇಯತೆ ಕಲಿಯಲಿ ಅಂತ ಕೊಟ್ಟದ್ದು. ಓದಿದವರು ಅದರಲ್ಲಿ ಬೇರೆಯದನ್ನೇ ಹುಡುಕಿದರು. ಪರದೇಶಕ್ಕೆ ಸೆರೆಯಾಗಿ ಹೋದ ಯೆಹೂದ್ಯರಲ್ಲಿ ತಮ್ಮನ್ನು ಕಂಡರು, ಸೆರೆ ಹಿಡಿದ ಬ್ಯಾಬಿಲೋನಿನಲ್ಲಿ ಬ್ರಿಟಿಷ್ ಸರ್ಕಾರವನ್ನು ಕಂಡರು. ಬೈಬಲ್ಲಿನಲ್ಲಿ ಇಥಿಯೋಪಿಯ ಎಂದು ಬಂದಲ್ಲೆಲ್ಲ ಬೆರಳಿಟ್ಟು ಇದು ನಾವು ಎಂದರು. ಅಲೆಗ್ಸಾಂಡರ್ ಬೆಡ್‌ವರ್ಡ್ ಎಂಬ ಬೋಧಕ ಕಿಂಗ್‌ಸ್ಟನ್ ಪಕ್ಕದ ಆಗಸ್ಟ್ ಟೌನಿನಲ್ಲಿ ಸಾವಿರಾರು ಜನ ಸೇರಿಸಿದ. ಅವನನ್ನು ಹುಚ್ಚಾಸ್ಪತ್ರೆಗೆ ಹಾಕಿದರು, ಅಲ್ಲೇ 1930ರಲ್ಲಿ ಸತ್ತ. ಬಡವ ತನ್ನದೇ ಅರ್ಥ ಹೇಳಿದರೆ ಹುಚ್ಚು ಎನ್ನುವುದು ಯಜಮಾನ ಸಂಸ್ಕೃತಿಯ ಮೊದಲ ವಿಮರ್ಶೆ.

ಮಾರ್ಕಸ್ ಗಾರ್ವಿ ಇನ್ನೊಂದು ಬಗೆಯವನು. 1914ರಲ್ಲಿ ಕಪ್ಪುಜನರ ಸುಧಾರಣೆಯ ದೊಡ್ಡ ಸಂಘಟನೆಯೊಂದನ್ನು ಕಿಂಗ್‌ಸ್ಟನ್ನಿನಲ್ಲಿ ಕಟ್ಟಿ ಅಮೆರಿಕಕ್ಕೆ ಒಯ್ದ. ಹಡಗು ಕಂಪನಿ ಮಾಡಿ ಮುಳುಗಿದ, ಜೈಲು ಕಂಡ, 1927ರಲ್ಲಿ ಗಡೀಪಾರಾಗಿ ಊರಿಗೆ ಮರಳಿದ. 1930ರಲ್ಲಿ ಆಫ್ರಿಕದ ರಾಜನೊಬ್ಬನ ಪಟ್ಟಾಭಿಷೇಕದ ನಾಟಕ ಬರೆದು ಕಿಂಗ್‌ಸ್ಟನ್ನಿನಲ್ಲಿ ಆಡಿಸಿದ. ನಮ್ಮೂರುಗಳಲ್ಲಿ ಸಾಲ ಮಾಡಿ, ಸೀನರಿ ತರಿಸಿ ಕುರುಕ್ಷೇತ್ರ ಆಡುವುದನ್ನು ನೋಡಿದವರಿಗೆ ಇದರ ಶಕ್ತಿ ಅರ್ಥವಾಗುತ್ತದೆ. ದಿನವಿಡೀ ಕೂಲಿ ಮಾಡಿದವನು ರಾತ್ರಿ ಕಿರೀಟ ಹಾಕಿಕೊಂಡು ಬಂದಾಗ ನೋಡುವವರ ಎದೆಯಲ್ಲಿ ಏನೋ ಕದಲುತ್ತದೆ. ಅದೇ ವರ್ಷ ನವೆಂಬರ್ 2ರಂದು ನಾಟಕದ ಕಿರೀಟ ನಿಜವಾಯಿತು. ಇಥಿಯೋಪಿಯದ ಅಡಿಸ್ ಅಬಾಬದಲ್ಲಿ ರಾಸ್ ತಫಾರಿ ಎಂಬುವನು ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ. ರಾಜಾಧಿರಾಜ, ಯೂದಾ ಕುಲದ ಸಿಂಹ ಎಂಬ ಬಿರುದುಗಳು ಬೇರೆ. ಬ್ರಿಟನ್ನಿನ ದೊರೆ ಐದನೇ ಜಾರ್ಜ್ ತನ್ನ ಮಗನನ್ನೇ ಆ ಸಮಾರಂಭಕ್ಕೆ ಕಳಿಸಿದ್ದ. ಬಿಳಿಯ ರಾಜಕುಮಾರ ಕಪ್ಪು ರಾಜನ ಪಟ್ಟಕ್ಕೆ ಕಾಣಿಕೆ ಹಿಡಿದು ಹೋದ ಸುದ್ದಿ, ಫೋಟೋ ಸಹಿತ, ಜಮೈಕದ ಕೇರಿಗಳಿಗೆ ಬಂತು.

ಆ ಫೋಟೋ ಹಿಡಿದುಕೊಂಡು ಹೊರಟವನು ಲಿಯೋನಾರ್ಡ್ ಹೋವೆಲ್. 1898ರಲ್ಲಿ ಹುಟ್ಟಿದವನು, ಪನಾಮ, ಅಮೆರಿಕ ಎಂದು ಅಲೆದು 1932ರಲ್ಲಿ ವಾಪಸಾಗಿದ್ದ. ಸೇಂಟ್ ಥಾಮಸ್ ಪ್ರಾಂತ್ಯದ ಕಬ್ಬಿನ ಕೂಲಿಗಳ ನಡುವೆ ನಿಂತು ಅವನು ಹೇಳಿದ್ದು ಇಷ್ಟೆ: ನಿಮ್ಮ ರಾಜ ಲಂಡನ್ನಿನಲ್ಲಿಲ್ಲ, ಆಫ್ರಿಕದಲ್ಲಿದ್ದಾನೆ, ಅವನೇ ದೇವರು. ಚಕ್ರವರ್ತಿಯ ಪಟವನ್ನು ಒಂದೊಂದು ಶಿಲ್ಲಿಂಗಿಗೆ ಮಾರಿದ. ಆಫ್ರಿಕಕ್ಕೆ ಹೋಗಲು ಇದೇ ರಹದಾರಿ ಎಂದು ನಂಬಿಸಿ ಮೋಸ ಮಾಡಿದ ಎಂಬುದು ಅವನ ಮೇಲಿದ್ದ ದೂರು. 1933ರ ಕೊನೆಯಲ್ಲಿ ಹಿಡಿದರು. 1934ರ ಮಾರ್ಚಿಯಲ್ಲಿ ವಿಚಾರಣೆ, ಅದೇ ಮೊರಾಂಟ್ ಬೇಯಲ್ಲಿ. ತನ್ನ ವಕಾಲತ್ತು ತಾನೇ ಮಾಡಿಕೊಂಡ. ರಾಜದ್ರೋಹಕ್ಕೆ ಎರಡು ವರ್ಷ ಸಜೆಯಾಯಿತು. ಮುಂದೆ ಅವನನ್ನೂ ಹುಚ್ಚಾಸ್ಪತ್ರೆಗೆ ಕಳಿಸಿದರು.

ಹೋವೆಲ್ ಒಬ್ಬನೇ ಇದನ್ನು ಕಟ್ಟಿದ ಎಂದರೆ ತಪ್ಪಾಗುತ್ತದೆ. ಜೋಸೆಫ್ ಹಿಬರ್ಟ್, ಆರ್ಚಿಬಾಲ್ಡ್ ಡಂಕ್ಲಿ ಎಂಬಿಬ್ಬರು ತಮ್ಮಷ್ಟಕ್ಕೆ ತಾವು ಬೈಬಲ್ ತಿರುವಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಅದೇ ಮಾತಿಗೆ ಬಂದಿದ್ದರು. ರಾಬರ್ಟ್ ಹಿಂಡ್ಸ್ ಎಂಬುವನು ಹೋವೆಲ್ ಜೊತೆಗಿದ್ದ. ಹಸಿವು ಒಂದೇ ಆಗಿದ್ದಾಗ ಕನಸೂ ಒಂದೇ ಬೀಳುತ್ತದೇನೋ.

1940ರಲ್ಲಿ ಹೋವೆಲ್ ಸ್ಲೈಗೋವಿಲ್ ಬಳಿಯ ಗುಡ್ಡದ ಮೇಲಿನ ಹಳೆಯ ತೋಟವೊಂದರಲ್ಲಿ ನೂರಾರು ಜನರೊಡನೆ ನೆಲೆಯೂರಿದ. ಪಿನಾಕಲ್ ಅಂತ ಅದರ ಹೆಸರು. ಗೆಣಸು ಬೆಳೆದರು, ಗಾಂಜಾ ಬೆಳೆದರು, ಹಂಚಿಕೊಂಡು ತಿಂದರು. ಧಣಿಯಿಲ್ಲದೆ ಬದುಕಿ ತೋರಿಸಿದ್ದೇ ಅಪರಾಧವಾಯಿತು. 1941ರಲ್ಲಿ ಪೊಲೀಸರು ನುಗ್ಗಿದರು, ಹೋವೆಲ್ ಮತ್ತೆ ಜೈಲು ಸೇರಿದ. 1954ರಲ್ಲಿ ಇಡೀ ವಸತಿಯನ್ನೇ ನೆಲಸಮ ಮಾಡಿದರು. ಚದುರಿದವರು ಕಿಂಗ್‌ಸ್ಟನ್ನಿನ ಕೊಳೆಗೇರಿಗಳಿಗೆ ಬಂದರು. ಮಾರ್ಲೆಯ ಹಾಡು ಹುಟ್ಟಿದ್ದು ಇಂಥ ಕೇರಿಗಳಲ್ಲಿ. 1963ರಲ್ಲಿ, ಅಂದರೆ ದೇಶ ಸ್ವತಂತ್ರವಾದ ಮಾರನೇ ವರ್ಷ, ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಗಲಭೆಯ ನೆಪದಲ್ಲಿ ಸ್ವಂತ ಸರ್ಕಾರವೇ ಸಿಕ್ಕಸಿಕ್ಕ ರಾಸ್ತರನ್ನು ಹಿಡಿದು ಬಡಿಯಿತು, ಜಡೆ ಕತ್ತರಿಸಿತು. ಅದಕ್ಕೆ ಜಮೈಕ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ.

ಇಷ್ಟು ಚರಿತ್ರೆ ಸಾಕು. ಇನ್ನು ಪಠ್ಯಕ್ಕೆ ಬರೋಣ. ಹೋವೆಲ್ 1935ರ ಸುಮಾರಿಗೆ 'ದ ಪ್ರಾಮಿಸ್ಡ್ ಕೀ' ಎಂಬ ಕಿರುಹೊತ್ತಿಗೆ ಹೊರತಂದ. ಅದರ ಮೇಲಿರುವ ಹೆಸರು ಹೋವೆಲ್ ಅಲ್ಲ, ಜಿ. ಜಿ. ಮರಾಘ್. ಗಾಂಗುಂಗುರು ಮರಾಘ್ ಎಂದು ಅದರ ವಿಸ್ತಾರ. ಜ್ಞಾನಗುರು ಮಹಾರಾಜ್ ಎನ್ನುವುದೇ ಕರಿಯರ ಬಾಯಲ್ಲಿ ಹೀಗಾಗಿದೆ ಎಂದು ಕೆಲವು ಸಂಶೋಧಕರು ಹೇಳುತ್ತಾರೆ. ಆ ಜಡೆಯೂ ಇಂಡಿಯಾದ ಸಾಧುಗಳಿಂದ ಹೋದದ್ದು ಎನ್ನುವವರಿದ್ದಾರೆ. ಇಲ್ಲ, ಕೀನ್ಯಾದ ಮೌ ಮೌ ಹೋರಾಟಗಾರರ ಫೋಟೋ ನೋಡಿ ಬಿಟ್ಟದ್ದು ಎನ್ನುವವರೂ ಇದ್ದಾರೆ. ನನಗೆ ಇಂಡಿಯಾದ ಹೆಮ್ಮೆ ಬೇಡ. ಗುರು, ಮಹಾರಾಜ ಎಂಬ ಈ ಎರಡು ಪದಗಳು ನಮ್ಮನ್ನು ಇಲ್ಲಿ ಯಾವ ಗತಿಗೆ ತಂದಿವೆ ಎಂದು ನಮಗೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಸಂಗತಿ. ಕಬ್ಬಿನ ಗದ್ದೆಯಲ್ಲಿ ಅಕ್ಕಪಕ್ಕ ಬಗ್ಗಿದ ಇಬ್ಬರು ಕೂಲಿಗಳಲ್ಲಿ ಒಬ್ಬನ ಬಾಯಿಂದ ಬಿದ್ದ ಪದವನ್ನು ಇನ್ನೊಬ್ಬ ಎತ್ತಿ ತನ್ನ ತಲೆಗೆ ಪೇಟದಂತೆ ಸುತ್ತಿಕೊಂಡ. ಯಾರೂ ಅವನಿಗೆ ಆ ಬಿರುದು ಕೊಡಲಿಲ್ಲ.

ಈ ಹೊತ್ತಿಗೆಯ ದೊಡ್ಡ ಭಾಗ ಹೋವೆಲ್ಲನ ಸ್ವಂತದ್ದಲ್ಲ. 1926ರಲ್ಲಿ ಪೆಟರ್ಸ್‌ಬರ್ಗ್ ಎಂಬ ಇನ್ನೊಬ್ಬ ಬೋಧಕ ಬರೆದದ್ದನ್ನು ಎತ್ತಿ, ಅಲ್ಲಲ್ಲಿ ತಿದ್ದಿ, ಹೊಸ ಚಕ್ರವರ್ತಿಯನ್ನು ಅದರೊಳಗೆ ಕೂರಿಸಿದ್ದಾನೆ. ಪಂಡಿತರು ಇದನ್ನು ಕೃತಿಚೌರ್ಯ ಎನ್ನಬಹುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಯಾರ್ಯಾರ ಪಿಎಚ್.ಡಿ.ಗಳು ಎಲ್ಲೆಲ್ಲಿಂದ ಬಂದಿವೆ ಎಂಬುದು ಬೇರೆ ಮಾತು, ಬಿಡಿ. ನೀಲಗಾರರ ಹಾಡು ಕೇಳಿ ಬೆಳೆದವನಿಗೆ ಇದು ಕಳವಾಗಿ ಕಾಣುವುದಿಲ್ಲ. ಒಬ್ಬರ ಸೊಲ್ಲನ್ನು ಇನ್ನೊಬ್ಬರು ಎತ್ತಿಕೊಳ್ಳದೆ ಮೌಖಿಕ ಕಾವ್ಯ ಒಂದು ರಾತ್ರಿಯೂ ನಡೆಯುವುದಿಲ್ಲ.

ಇಲ್ಲಿ ನನ್ನ ಗೆಳೆಯರೊಬ್ಬರು, ಸಂಘಟನೆಯಲ್ಲಿ ನನಗಿಂತ ಹಿರಿಯರು, ನನ್ನನ್ನು ತಡೆದರು. "ಅಲ್ಲಪ್ಪ, ಇದೆಲ್ಲ ಭ್ರಮೆ ತಾನೆ? ಒಬ್ಬ ಚಕ್ರವರ್ತಿಯನ್ನು ದೇವರು ಅನ್ನೋದನ್ನ ದಲಿತ ವಿಮರ್ಶೆ ಹೊಗಳಬೇಕಾ?" ಅವರ ಆಕ್ಷೇಪಣೆಗೆ ತೂಕವಿದೆ. ಕಪ್ಪು ರಾಜನೊಬ್ಬ ಪಟ್ಟವೇರುತ್ತಾನೆ ಎಂದು ಗಾರ್ವಿ ಭವಿಷ್ಯ ನುಡಿದಿದ್ದ ಎನ್ನುತ್ತಾರೆ ರಾಸ್ತರು. ಆ ಮಾತು ಗಾರ್ವಿಯ ಬರಹಗಳಲ್ಲಿ ಸಿಕ್ಕಿಲ್ಲ. ಬದಲಿಗೆ, ಇಟಲಿ 1935ರಲ್ಲಿ ಇಥಿಯೋಪಿಯದ ಮೇಲೆ ದಾಳಿ ಮಾಡಿ ಚಕ್ರವರ್ತಿ ದೇಶ ಬಿಟ್ಟು ಹೋದ ಮೇಲೆ ಗಾರ್ವಿ ಅವನನ್ನು ಕಟುವಾಗಿ ಟೀಕಿಸಿದ. ಹೈಲೆ ಸೆಲಾಸಿ ತಾನು ಸಾಂಪ್ರದಾಯಿಕ ಕ್ರೈಸ್ತ. ಅವನ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಪೂರ್ತಿ ಹೋದದ್ದು 1942ರಲ್ಲಿ. ಗುಲಾಮರ ಮೊಮ್ಮಕ್ಕಳು ದೇವರೆಂದು ಕರೆದ ರಾಜನ ಪಟ್ಟಾಭಿಷೇಕದ ಹೊತ್ತಿನಲ್ಲಿ ಅವನ ನಾಡಿನಲ್ಲೇ ಗುಲಾಮರಿದ್ದರು! 1974ರಲ್ಲಿ ಅವನದೇ ಸೈನ್ಯ ಅವನನ್ನು ಇಳಿಸಿತು. ಇದ್ಯಾವುದನ್ನೂ ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಅದೇ ಅಳತೆಗೋಲನ್ನು ಮೇಲುಕೋಟೆಗೂ ಹಿಡಿಯೋಣವಲ್ಲ. ಕಥೆ ಎಲ್ಲರಿಗೂ ಗೊತ್ತು. ಚೋಳರ ಕಾಟಕ್ಕೆ ರಾಮಾನುಜರು ಹೊಯ್ಸಳ ನಾಡಿಗೆ ಬರುತ್ತಾರೆ, ಮೇಲುಕೋಟೆಯ ಉತ್ಸವಮೂರ್ತಿ ದಿಲ್ಲಿಯ ಸುಲ್ತಾನನ ಅರಮನೆಯಲ್ಲಿದೆ ಎಂದು ತಿಳಿದು ಅಲ್ಲಿಗೆ ಹೋಗಿ ಕರೆತರುತ್ತಾರೆ, ಆ ಮೂರ್ತಿಯನ್ನು ಬಿಟ್ಟಿರಲಾರದ ಸುಲ್ತಾನನ ಮಗಳು ಹಿಂದೆಯೇ ಬರುತ್ತಾಳೆ, ದಾರಿಯಲ್ಲಿ ಬಿದ್ದ ಆಪತ್ತಿನಲ್ಲಿ ಹೊಲೆಯರು ನೆರವಾಗುತ್ತಾರೆ, ಗುರುಗಳು ಅವರಿಗೆ ತಿರುಕುಲ ಎಂಬ ಹೆಸರು ಕೊಟ್ಟು ವರ್ಷಕ್ಕೆ ಮೂರು ದಿನ ದೇವಸ್ಥಾನದೊಳಗೆ ಬರುವ ಹಕ್ಕು ಕೊಡುತ್ತಾರೆ. ಸಂಪ್ರದಾಯದ ಲೆಕ್ಕದಂತೆಯೇ ರಾಮಾನುಜರು ಪರಮಪದಿಸಿದ್ದು 1137ರಲ್ಲಿ. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಅಂದರೆ ಸುಲ್ತಾನನೇ ಇಲ್ಲದ ದಿಲ್ಲಿಗೆ ಗುರುಗಳು ಹೋಗಿ ಬಂದಿದ್ದಾರೆ. ವೈರಮುಡಿಗೆ ಲಕ್ಷಾಂತರ ಜನ ಸೇರುತ್ತಾರೆ, ಯಾರೂ ಇದನ್ನು ಭ್ರಮೆ ಎಂದು ಹೇಳಿ ಯಾರನ್ನೂ ಆಸ್ಪತ್ರೆಗೆ ಸೇರಿಸಿಲ್ಲ. ಕಥೆ ನಿಜವೋ ಸುಳ್ಳೋ ಎಂದು ದಾಖಲೆ ಕೇಳುವುದು ಯಾವಾಗಲೂ ಕೇರಿಯ ಬಾಗಿಲಿಗೆ ಬಂದಾಗ ಮಾತ್ರ.

ಹಾಗಾಗಿ ನನ್ನ ಗೆಳೆಯರ ಪ್ರಶ್ನೆಯನ್ನು ಬದಿಗಿಟ್ಟು ಬೇರೆ ಪ್ರಶ್ನೆ ಕೇಳಬೇಕಾಗಿದೆ. ಕಥೆಯನ್ನು ಯಾರು ಹೇಳುತ್ತಿದ್ದಾರೆ? ಅದು ಕೇಳುವವನಿಂದ ಏನನ್ನು ಬೇಡುತ್ತದೆ?

ತಿರುಕುಲದ ಕಥೆಯನ್ನು ಹೀಗೆ ಓದಿ ನೋಡಿ. ಗುರುವಿಗೆ ಹೆಸರಿದೆ. ಮೂರ್ತಿಗೆ ರಾಮಪ್ರಿಯ, ಚೆಲುವಪಿಳ್ಳೆ ಎಂದು ಎರಡೆರಡು ಹೆಸರಿವೆ. ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಎಂದು ಪೂಜೆಗೊಳ್ಳುತ್ತಾಳೆ, ಸ್ವಾಮಿಯ ಪಾದದಲ್ಲೇ ಅವಳಿಗೆ ಜಾಗ ಸಿಕ್ಕಿದೆ. ಜೀವದ ಹಂಗು ತೊರೆದು ನಿಂತ ಹೊಲೆಯರಲ್ಲಿ ಮಾತ್ರ, ನಾನು ಕೇಳಿದ ಯಾವ ನಿರೂಪಣೆಯಲ್ಲೂ, ಒಬ್ಬನಿಗೂ ಹೆಸರಿಲ್ಲ. ಅವರು ಒಂದು ಗುಂಪು. ಆ ಗುಂಪಿಗೆ ಸಿಕ್ಕಿದ್ದು ಒಂದು ಬಿರುದು. ಬಿರುದಿನ ಅರ್ಥವೇನೋ ದೊಡ್ಡದು, ಪವಿತ್ರ ಕುಲ. ಆದರೆ ಪವಿತ್ರ ಕುಲವಾದವರಿಗೆ ಮುನ್ನೂರ ಅರವತ್ತೆರಡು ದಿನ ಬಾಗಿಲು ಯಾಕೆ ಮುಚ್ಚಿತ್ತು ಎಂಬುದಕ್ಕೆ ಕಥೆಯಲ್ಲಿ ಉತ್ತರವಿಲ್ಲ. ಕಥೆಗೆ ಆ ಪ್ರಶ್ನೆಯೇ ಬೀಳುವುದಿಲ್ಲ, ಯಾಕೆಂದರೆ ಕಥೆ ಹೇಳುತ್ತಿರುವುದು ಬಾಗಿಲೊಳಗಿನ ದನಿ. ಕೆಲಸಕ್ಕೆ ತಕ್ಕ ಕೂಲಿ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡ ಧಣಿಯ ಸಮಾಧಾನ ಆ ದನಿಯಲ್ಲಿದೆ. ರಾಮಾನುಜರು ತಮ್ಮ ಕಾಲಕ್ಕೆ ದೊಡ್ಡ ಹೆಜ್ಜೆ ಇಟ್ಟರು ಎಂದು ಕನ್ನಡದಲ್ಲಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇಟ್ಟಿರಬಹುದು. ಆ ಹೆಜ್ಜೆಯ ಅಳತೆ ಮೂರು ದಿನ ಎನ್ನುವುದನ್ನಷ್ಟೇ ನಾನು ಬರೆದಿಡುತ್ತೇನೆ.

ಆದರೂ ತಾತನ ಬೆನ್ನು ನೆಟ್ಟಗಾಗುತ್ತಿತ್ತಲ್ಲ, ಅದನ್ನು ಏನು ಮಾಡುವುದು? ಇಲ್ಲಿ ನನ್ನ ಓದು ನನಗೇ ತೊಡಕಾಗುತ್ತದೆ. ತಾತ ಆ ಕಥೆಯನ್ನು ಗುರುಗಳ ಕರುಣೆಯ ಕಥೆಯಾಗಿ ಹೇಳುತ್ತಿರಲಿಲ್ಲ. ಅವನ ಬಾಯಲ್ಲಿ ರಾಮಾನುಜರು ಬರುತ್ತಲೇ ಇರಲಿಲ್ಲ. "ತಂದೋರು ನಾವು" ಅಷ್ಟೆ. ಬಾಗಿಲೊಳಗಿನವರ ಕಥೆಯಿಂದ ತನಗೆ ಬೇಕಾದ ಒಂದು ಸಾಲನ್ನು ಕಿತ್ತುಕೊಂಡು ಉಳಿದದ್ದನ್ನು ಬಿಟ್ಟಿದ್ದ. ಜಮೈಕದ ಕೂಲಿ ಬೈಬಲ್ಲಿನಿಂದ ಇಥಿಯೋಪಿಯ ಎಂಬ ಪದವನ್ನು ಕಿತ್ತುಕೊಂಡದ್ದೂ ಹೀಗೇ. ವ್ಯತ್ಯಾಸ ಎಂದರೆ ಅಲ್ಲಿ ಒಬ್ಬ ಹೋವೆಲ್ ಆ ಪದವನ್ನು ಬೀದಿಗೆ ತಂದ. ತಾತನ ಸಾಲು ಜಗಲಿ ದಾಟಲಿಲ್ಲ.

ಬೀದಿಗೆ ಬಂದ ನಮ್ಮ ಹೆಸರು ಬೇರೆ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಅಸ್ಪೃಶ್ಯರು ತಮ್ಮನ್ನು ಆದಿಕರ್ನಾಟಕ, ಆದಿದ್ರಾವಿಡ ಎಂದು ಕರೆಯಬೇಕೆಂದು ಪಟ್ಟು ಹಿಡಿದರು, ಸರ್ಕಾರದ ಕಡತಗಳೂ ಅದನ್ನು ಒಪ್ಪಿದವು. ಹೈದರಾಬಾದಿನಲ್ಲಿ ಆದಿಹಿಂದೂ, ಆಂಧ್ರದಲ್ಲಿ ಆದಿಆಂಧ್ರ, ಪಂಜಾಬಿನಲ್ಲಿ ಆದ್‌ಧರ್ಮ ಎಂಬ ಹೆಸರುಗಳು ಎದ್ದದ್ದೂ ಸುಮಾರು ಅದೇ ಕಾಲದಲ್ಲಿ. ಹೋವೆಲ್ ಜನಕ್ಕೆ ಮೂಲ ತೋರಿಸಲು ಸಮುದ್ರದಾಚೆ ಕೈಚಾಚಬೇಕಾಯಿತು. ನಮ್ಮವರು ಕಾಲ ಕೆಳಗೆ ಬೆರಳು ತೋರಿದರು. ನೀವೆಲ್ಲ ಬರುವ ಮೊದಲು ಇಲ್ಲಿದ್ದವರು ನಾವು ಎಂಬುದು ಆದಿ ಪದದ ಸೊಲ್ಲು. ಸಮುದ್ರದಾಚೆಯ ಊರಿಗೆ ಹಡಗಿನ ಕನಸಾದರೂ ಕಾಣಬಹುದು. ತನ್ನದೇ ಊರಿನಲ್ಲಿ ಊರಾಚೆ ಇರುವವನು ಯಾವ ಹಡಗು ಹತ್ತಬೇಕು? ಆದಿಕರ್ನಾಟಕ ಎಂದು ಬರೆಸಿದವನು ಕರ್ನಾಟಕದಲ್ಲೇ ಕೇರಿಯಲ್ಲಿದ್ದ. ಆ ಮಾತು ದರಖಾಸ್ತಿನ ಭಾಷೆಯಲ್ಲಿತ್ತು, ಬಹುಬೇಗ ಎ.ಕೆ. ಎಂಬ ಎರಡಕ್ಷರವಾಗಿ ಸರ್ಟಿಫಿಕೇಟಿನಲ್ಲಿ ಒಣಗಿತು. ಕಾವ್ಯವಾಗಲಿಲ್ಲ. ಎ.ಕೆ. ಎಂಬ ಹೆಸರಿನ ಮೇಲೆ ನಮ್ಮಲ್ಲಿ ಒಂದು ಹಾಡಾದರೂ ಇದೆಯೇ?

ಹಾಡು ಇರುವುದು ಬೇರೆ ಕಡೆ. ಮಳವಳ್ಳಿ, ಮದ್ದೂರು, ಕೊಳ್ಳೇಗಾಲ ಸೀಮೆಯಲ್ಲಿ ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕಾವ್ಯ ಹಾಡುತ್ತಾರೆ. ಈ ಪರಂಪರೆಯ ಒಕ್ಕಲಿನಲ್ಲಿ ದಲಿತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಲ್ಯಾಣದ ಭಾಗ ನೆನಪು ಮಾಡಿಕೊಳ್ಳಿ. ಬಸವಣ್ಣನವರ ಕಲ್ಯಾಣ, ಲಕ್ಷಾಂತರ ಜಂಗಮರಿಗೆ ದಾಸೋಹ. ಅಲ್ಲಿಗೆ ಧರೆಗೆ ದೊಡ್ಡವರು ಕುಷ್ಠರೋಗಿಯ ಮೈಯಲ್ಲಿ, ನಾತ ಹೊಡೆಯುತ್ತಾ, ನೊಣ ಮುತ್ತಿಸಿಕೊಂಡು ಬರುತ್ತಾರೆ. ಜಂಗಮರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಇಲ್ಲಿ ಪರೀಕ್ಷೆ ಬಂದವನಿಗಲ್ಲ, ಬಾಗಿಲಲ್ಲಿ ನಿಂತವರಿಗೆ. ಕಲ್ಯಾಣ ಫೇಲಾಗುತ್ತದೆ. ಬಸವಣ್ಣ, ನೀಲಮ್ಮ ಮಾತ್ರ ನಿಲ್ಲುತ್ತಾರೆ.

ಮೇಲುಕೋಟೆಯ ಕಥೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ನಡುಕ ಬರುತ್ತದೆ. ಅಲ್ಲಿ ಹೊರಗಿನವನಿಗೆ ಒಳಗಿನವನು ಮಾರ್ಕು ಕೊಡುತ್ತಾನೆ, ಇಲ್ಲಿ ಹೊರಗಿನವನು ಒಳಗಿನವನ ಉತ್ತರಪತ್ರಿಕೆ ತಿದ್ದುತ್ತಾನೆ. ಅದೂ ಯಾವ ಒಳಗು! ಜಾತಿಯನ್ನು ದಾಟಿದ್ದೇವೆ ಎಂದುಕೊಂಡಿದ್ದ ಕಲ್ಯಾಣದ ಒಳಗು. ವಚನ ಚಳವಳಿಯ ಅತ್ಯಂತ ಕಠಿಣ ವಿಮರ್ಶೆಯನ್ನು ಹಳೆ ಮೈಸೂರಿನ ಓದುಬರಹ ಬಾರದ ಹಾಡುಗಾರರು ಮಾಡಿಟ್ಟಿದ್ದಾರೆ. ನಾವು ವಿಮರ್ಶಕರು ಅದನ್ನು ಜಾನಪದ ಎಂಬ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದೇವೆ. ಎಚ್.ಎಸ್. ಶಿವಪ್ರಕಾಶರ ನಾಟಕ ಬಂದ ಮೇಲೆ ಪಟ್ಟಣದವರಿಗೆ ಮಂಟೇಸ್ವಾಮಿಯ ಪರಿಚಯವಾಯಿತು, ನಿಜ. ಆದರೆ ಜಾನಪದ ವಿಚಾರಸಂಕಿರಣಗಳಲ್ಲಿ ಈಗಲೂ ನೀಲಗಾರರನ್ನು ಕರೆಸಿ, ಭಾಷಣಗಳ ನಡುವೆ ಹತ್ತು ನಿಮಿಷ ಹಾಡಿಸಿ, ಶಾಲು ಹೊದೆಸಿ ಕಳಿಸುತ್ತಾರೆ. ಇದೂ ಒಂದು ಬಗೆಯ ಮೂರು ದಿನ.

ರಾಸ್ತಫಾರಿಗೆ ನಮ್ಮಲ್ಲಿ ಹತ್ತಿರದ ನೆಂಟ ಯಾರು ಎಂದರೆ ನಾನು ತೋರಿಸುವುದು ಇದನ್ನೇ. ಜಡೆಯೋ ಭಂಗಿಯೋ ಇದಕ್ಕೆ ಕಾರಣವಲ್ಲ, ಅವು ಮೇಲುನೋಟದ ಹೋಲಿಕೆ. ಎರಡೂ ಯಜಮಾನರ ಅತಿ ಪವಿತ್ರ ಪಠ್ಯದ ಒಳಕ್ಕೆ ನುಗ್ಗಿ ಅದನ್ನು ಹೊರಗಿನವನ ಕಣ್ಣಿನಿಂದ ಮತ್ತೆ ಹೇಳುತ್ತವೆ. ಎರಡರಲ್ಲೂ ಯಾತನೆಯ ದಾರಿಯಿದೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಮದ್ದೂರು ಸೀಮೆಯ ನಿಡಘಟ್ಟದ ಹುಡುಗ, ಕಮ್ಮಾರರ ಕುಲದವನು. ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋದಾಗ ಅವನದೇ ಕುಲದವರು ಕೊಡುವ ಹಿಂಸೆಗಳನ್ನು ನೀಲಗಾರರು ಗಂಟೆಗಟ್ಟಲೆ ಹಾಡುತ್ತಾರೆ. ನಾನು ಮೊದಲ ಸಲ ಕೇಳಿದಾಗ ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು "ಅಯ್ಯೋ ನನ್ ಕಂದ" ಎಂದು ಸೆರಗು ಕಚ್ಚಿಕೊಂಡು ಅತ್ತರು. ಹೋವೆಲ್ಲನ ಕೋರ್ಟು ಕಥೆಯನ್ನು ಓದುವಾಗ ನನಗೆ ಆ ಅಜ್ಜಿಯ ದನಿ ಕೇಳಿಸಿತು.

ಇದನ್ನೆಲ್ಲ ಬರೆದು ನಾನು ಪೂಜೆಗೆ ಇಳಿದಿದ್ದೇನೆ ಎಂದು ತಿಳಿಯಬೇಡಿ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ಗದ್ದುಗೆ ಅರಸು ಮನೆತನದ ಕೈಯಲ್ಲಿದೆ. ಹಾಡುವ ಬಾಯಿ ಒಂದು ಜಾತಿಯದು, ಗದ್ದುಗೆ ಇನ್ನೊಂದು ಜಾತಿಯದು. ರಾಸ್ತರು ಅಂಹಾರಿಕ್ ದೊರೆಯನ್ನು ದೇವರು ಮಾಡಿಕೊಂಡರು, ನಮ್ಮವರು ದೊರೆಮಕ್ಕಳನ್ನು ಬುದ್ಧಿಯವರು ಎಂದರು. ತಳದವನ ಕಲ್ಪನೆ ಎಷ್ಟೇ ಎತ್ತರಕ್ಕೆ ಹಾರಿದರೂ ಕೊನೆಗೆ ಒಂದು ಸಿಂಹಾಸನ ಹುಡುಕಿಕೊಂಡು ಅದರ ಕೆಳಗೆ ಕೂರುವುದು ಯಾಕೆ? ಹೆಂಗಸರ ಪ್ರಶ್ನೆಯೂ ಇದೆ. ರಾಸ್ತರ ಚರಿತ್ರೆಯಲ್ಲಿ ನನಗೆ ಸಿಕ್ಕ ಮೊದಲ ತಲೆಮಾರಿನ ಹೆಸರುಗಳೆಲ್ಲ ಗಂಡಸರವು. ಪಿನಾಕಲ್ಲಿನಲ್ಲಿ ಗೆಣಸು ಅಗೆದ, ಪೊಲೀಸರು ಬಂದಾಗ ಮಕ್ಕಳನ್ನು ಎತ್ತಿಕೊಂಡು ಓಡಿದ ಹೆಂಗಸರ ಕಥೆ ಬೇರೆಯೇ ಬರಹ ಬೇಡುತ್ತದೆ.

ಕನ್ನಡದ ದಲಿತ ಬರಹ ಕರಿಯರಿಂದ ಕಲಿತಿಲ್ಲ ಎಂದಲ್ಲ. 1972ರಲ್ಲಿ ಬೊಂಬಾಯಿಯಲ್ಲಿ ದಲಿತ್ ಪ್ಯಾಂಥರ್ ಹುಟ್ಟಿದ್ದೇ ಅಮೆರಿಕದ ಹೆಸರು ಹೊತ್ತು, ಅದರ ಕಾವು ನಮ್ಮಲ್ಲಿಗೂ ಬಂತು. ಅಲ್ಲಿಂದ ನಾವು ಸಿಟ್ಟನ್ನು ತಂದುಕೊಂಡೆವು, ಅದು ಬೇಕಾಗಿತ್ತು. ಜಮೈಕದಿಂದ ತರಬಹುದಾಗಿದ್ದದ್ದು ಇನ್ನೊಂದು, ತನ್ನನ್ನು ತಾನೇ ಹೊಸದಾಗಿ ಹೆಸರಿಸಿಕೊಳ್ಳುವ ಧೈರ್ಯ. ದಲಿತರು ಅವಮಾನದ ನೆನಪಿನ ಜೊತೆಗೆ ತಮ್ಮ ದೇವರು, ಹಾಡು, ಕಥೆಗಳ ನೆನಪನ್ನೂ ಮರಳಿ ಪಡೆಯಬೇಕು ಎಂದು ಡಿ.ಆರ್. ನಾಗರಾಜ್ ವಾದಿಸಿದ್ದು 1990ರ ದಶಕದಲ್ಲಿ. ಅದನ್ನು ನಾವು ಸಾಕಷ್ಟು ಉಲ್ಲೇಖಿಸಿದ್ದೇವೆ, ಸಾಕಷ್ಟು ಮಾಡಿಲ್ಲ.

ಹೆಸರಿನ ಪ್ರಶ್ನೆ ಕಾವ್ಯದ್ದು ಮಾತ್ರ ಎಂದುಕೊಂಡವರಿಗೆ 2025ರ ಮೇ ತಿಂಗಳು ನೆನಪಿರಲಿ. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ಮನೆಮನೆಗೆ ಬಂತು. ಎ.ಕೆ., ಎ.ಡಿ. ಎಂದು ಬರೆಸಿದವರು ಹೊಲೆಯರೋ ಮಾದಿಗರೋ ಎಂಬುದೇ ಆ ಸಮೀಕ್ಷೆಯ ದೊಡ್ಡ ಗಂಟು. ನೂರು ವರ್ಷದ ಹಿಂದೆ ಸ್ವಾಭಿಮಾನಕ್ಕೆ ಹಿಡಿದ ಹೆಸರು ಈಗ ಗೊಂದಲದ ಹೆಸರಾಗಿತ್ತು. ಮೂಲ ಜಾತಿ ಹೇಳದೆ ಆ ಹೆಸರನ್ನಷ್ಟೇ ಬರೆಸಿದವರನ್ನು ಆಯೋಗ ಬೇರೆ ಗುಂಪು ಮಾಡಿ ಶೇಕಡಾ 1ರಷ್ಟು ಪಾಲು ಸೂಚಿಸಿತು. ಆಗಸ್ಟಿನಲ್ಲಿ ಸರ್ಕಾರ ಅದನ್ನು ಬದಲಿಸಿ ಶೇಕಡಾ 17ನ್ನು 6, 6, 5 ಎಂದು ಹಂಚಿತು. ನಮ್ಮ ಮನೆಗೆ ಬಂದ ಮೇಷ್ಟ್ರು ಮೊಬೈಲು ಹಿಡಿದು ಜಗಲಿಯಲ್ಲಿ ಕೂತು, "ಅಜ್ಜಿ, ನಿಮ್ದು ಮೂಲ ಯಾವ್ದು?" ಅಂದರು. ತಾತ ಇದ್ದಿದ್ದರೆ ತಿರುಕುಲ ಅನ್ನುತ್ತಿದ್ದ. ಅಜ್ಜಿ ಸ್ವಲ್ಪ ಹೊತ್ತು ಅವರ ಮುಖ ನೋಡಿ, "ಒಲೇರು ಅಂತ ಬರ್ಕೊ ಕಣಪ್ಪ, ಅದುಕ್ಯಾಕೆ ಅಷ್ಟ್ ಮೆಲ್ಲುಗ್ ಕೇಳೀಯೆ?" ಅಂದಳು. ಮೇಷ್ಟ್ರು ತಲೆ ಬಗ್ಗಿಸಿ ಒತ್ತಿಕೊಂಡರು.

ಲಿಯೋನಾರ್ಡ್ ಹೋವೆಲ್ 1981ರ ಆರಂಭದಲ್ಲಿ ತೀರಿಕೊಂಡ. ಕೆಲವೇ ತಿಂಗಳ ಅಂತರದಲ್ಲಿ, ಮೇ 11ಕ್ಕೆ, ಮಾರ್ಲೆಯೂ ಹೋದ. ಹಾಡಿದವನ ಮುಖ ನಾಗಮಂಗಲದ ಬಸ್‌ಸ್ಟ್ಯಾಂಡಿನ ಬಟ್ಟೆ ಅಂಗಡಿವರೆಗೂ ಬಂದಿದೆ. ಪಟ ಮಾರಿ ಜೈಲಿಗೆ ಹೋದವನ ಮುಖ ಬಂದಿಲ್ಲ. ಈ ಸಲದ ಚಿಕ್ಕಲ್ಲೂರು ಜಾತ್ರೆಗೆ ಆ ಶರ್ಟಿನ ಹುಡುಗನೂ ನನ್ನ ಜೊತೆ ಬಂದಿದ್ದ. ಪಟದ ಅಂಗಡಿಯಲ್ಲಿ ಸಿದ್ದಪ್ಪಾಜಿ, ಮಾದಪ್ಪ, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರು. ಹುಡುಗ ಬಾಬಾಸಾಹೇಬರ ಪಟವನ್ನು ಕೈಗೆತ್ತಿಕೊಂಡು ರೇಟು ಕೇಳಿದ. ಅಂಗಡಿಯವರು ಹೇಳಿದ್ದಕ್ಕೆ ಇವನು ಹತ್ತು ರೂಪಾಯಿ ಇಳಿಸಿ ಎಂದ. ಚೌಕಾಸಿ ಬಹಳ ಹೊತ್ತು ನಡೆಯಿತು.